ಕಂಡದ್ದು, ಕಂಡ ಹೊತ್ತು, ನಿಂತ ಜಾಗ

ಎಲ್ಲರಿಗೂ ನಮಸ್ಕಾರ.

ಮಾತು ಶುರುಮಾಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮೂರಲ್ಲಿ ಆಲಿಕಲ್ಲು ಬಿದ್ದಿದ್ದನ್ನು ಕಣ್ಣಾರೆ ನೋಡಿದವರು ಕೈ ಎತ್ತಿ. ಬಹಳ ಜನ ಇದ್ದೀರಿ. ಎಷ್ಟು ದೊಡ್ಡದಿತ್ತು? ನಿಂಬೆಹಣ್ಣಿನಷ್ಟು ಅಂತ ಅಲ್ಲಿಂದ ಒಬ್ಬರು. ಗೋಲಿಯಷ್ಟು ಅಂತ ಇಲ್ಲಿಂದ. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಬೆರಳು ಮಡಚಿ ‘ಇಷ್ಟು’ ಅಂತ ತೋರಿಸುತ್ತಿದ್ದಾರೆ. ಈ ಮೂರು ಉತ್ತರಗಳನ್ನೂ ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇವೆ.

ನಾನು ತಿಪಟೂರು ಕಡೆಯವನು. ಹದಿನೆಂಟು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ನಗರದ ಉತ್ತರಕ್ಕೆ ವಾಸ. ಅಲ್ಲಿನ ವಸಂತಕಾಲ ಅಂದರೆ ನಮ್ಮ ಅಶ್ವಿನಿ, ಭರಣಿ ಮಳೆಯ ಕಾಲವೇ. ಇಲ್ಲಿ ನಾವು ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಕಾಯುತ್ತೇವೆ. ಅಲ್ಲಿ ಅದೇ ದಿನಗಳಲ್ಲಿ ಜನ ಪಶ್ಚಿಮದ ಆಕಾಶ ನೋಡಿ ಕಾರನ್ನು ಒಳಗೆ ನಿಲ್ಲಿಸುತ್ತಾರೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಸುಡುತ್ತಿರುತ್ತದೆ, ಆರು ಗಂಟೆಯ ಹೊತ್ತಿಗೆ ಸುಂಟರಗಾಳಿಯ ಸೈರನ್ ಕೂಗುತ್ತದೆ.

ನಾನು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕೆ ಸ್ವಂತ ರೇಡಿಯೊ ಸೆಟ್‌ನಿಂದ ಬೇರೆಯವರ ಜೊತೆ ಮಾತಾಡುವ ಪರವಾನಗಿ ತೆಗೆದುಕೊಂಡದ್ದು ಅಲ್ಲಿಯೇ. 35 ಪ್ರಶ್ನೆಗಳ ಪರೀಕ್ಷೆ, 26 ಸರಿಯಾದರೆ ಪಾಸು. ಪರವಾನಗಿ ಬಂದ ಮೇಲೆ ಸ್ಕೈವಾರ್ನ್ ತರಬೇತಿಗೆ ಹೋದೆ, ಅಂದರೆ ಬಿರುಗಾಳಿಯನ್ನು ಕಣ್ಣಾರೆ ನೋಡಿ ಹವಾಮಾನ ಕಚೇರಿಗೆ ವರದಿ ಕೊಡುವವರ ತರಬೇತಿ. ಎರಡು ಗಂಟೆಯ ಪಾಠ, ಶುಲ್ಕ ಇಲ್ಲ. ಆ ವಸಂತದ ಒಂದು ಸಂಜೆ ನಮ್ಮ ಬೀದಿಯಲ್ಲಿ ಆಲಿಕಲ್ಲು ಸುರಿಯಿತು. ಕೈಯಲ್ಲಿ ಸೆಟ್ ಹಿಡಿದು, ಎದೆ ಹೊಡೆದುಕೊಳ್ಳುತ್ತಿದ್ದರೂ, ನನ್ನ ಮೊದಲ ವರದಿ ಕೊಟ್ಟೆ: ‘ಗೋಲಿ ಗಾತ್ರದ ಆಲಿಕಲ್ಲು ಬೀಳುತ್ತಿದೆ.’ ಆ ಕಡೆ ನೆಟ್ ಕಂಟ್ರೋಲ್‌ನಲ್ಲಿ, ಅಂದರೆ ರೇಡಿಯೊದಲ್ಲಿ ಒಟ್ಟು ಸೇರಿದ ಹ್ಯಾಮ್‌ಗಳ ಮಾತನ್ನು ಸರದಿಯಂತೆ ನಡೆಸುವ ಜಾಗದಲ್ಲಿ, ಕೂತಿದ್ದ ಹಿರಿಯರು ಶಾಂತವಾಗಿ ಕೇಳಿದರು. ‘ಗೋಲಿಗಳು ಬೇರೆಬೇರೆ ಗಾತ್ರದಲ್ಲಿ ಬರುತ್ತವೆ. ಒಂದು ಕಲ್ಲು ಎತ್ತಿಕೊಂಡು ನಾಣ್ಯದ ಪಕ್ಕ ಇಟ್ಟು ನೋಡಬಲ್ಲಿರಾ? ಹೊರಗೆ ಹೋಗುವುದು ಸುರಕ್ಷಿತ ಅನ್ನಿಸಿದರೆ ಮಾತ್ರ.’ ನಾನು ಬಾಗಿಲ ಬಳಿ ಉರುಳಿ ಬಂದಿದ್ದ ಒಂದು ಕಲ್ಲನ್ನು ಎತ್ತಿ ಕಾಲು ಡಾಲರಿನ ನಾಣ್ಯದ ಪಕ್ಕ ಇಟ್ಟೆ. ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು. ಹಾಗೆಯೇ ಹೇಳಿದೆ. ‘ಹೊತ್ತು ಎಷ್ಟು? ನೀವಿರುವ ಹತ್ತಿರದ ಅಡ್ಡರಸ್ತೆ ಯಾವುದು? ಈಗಲೂ ಬೀಳುತ್ತಿದೆಯೇ?’ ಅಷ್ಟೂ ಹೇಳಿಸಿಕೊಂಡು, ಧನ್ಯವಾದ ಹೇಳಿ, ಮುಂದಿನವರನ್ನು ಕರೆದರು.

ಇವತ್ತು ನಾನು ಹೇಳಬೇಕೆಂದು ಬಂದಿರುವುದೆಲ್ಲ ಆ ಅರ್ಧ ನಿಮಿಷದ ಮಾತುಕತೆಯೊಳಗೆ ಇದೆ.

ಆ ನಾಣ್ಯ ಯಾಕೆ ಬೇಕಿತ್ತು? ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಲೆಕ್ಕದಲ್ಲಿ ಒಂದು ಅಂಗುಲ, ಅಂದರೆ ಸುಮಾರು 25 ಮಿಲಿಮೀಟರ್ ಅಡ್ಡಗಲದ ಆಲಿಕಲ್ಲು ಬಿದ್ದರೆ ಅದು ‘ತೀವ್ರ’ ಗುಡುಗು ಮಳೆ. ಗಾಳಿಗಾದರೆ ಗಂಟೆಗೆ 93 ಕಿಲೋಮೀಟರ್ ವೇಗ. 2010ರವರೆಗೆ ಆಲಿಕಲ್ಲಿನ ಗೆರೆ ಮುಕ್ಕಾಲು ಅಂಗುಲದಲ್ಲಿತ್ತು. ಅಷ್ಟು ಚಿಕ್ಕ ಕಲ್ಲಿಗೆ ಹೇಳಿಕೊಳ್ಳುವಂಥ ಹಾನಿ ಆಗುವುದಿಲ್ಲ, ಎಚ್ಚರಿಕೆ ಪದೇಪದೇ ಕೊಟ್ಟರೆ ಜನ ಕಿವಿಗೆ ಹಾಕಿಕೊಳ್ಳುವುದನ್ನು ಬಿಡುತ್ತಾರೆ ಅಂತ ಅದನ್ನು ಏರಿಸಿದರು. ಹಾಗಾಗಿ ಆರು ಮಿಲಿಮೀಟರಿನ ವ್ಯತ್ಯಾಸದಲ್ಲಿ ಒಂದು ಇಡೀ ಪಟ್ಟಣಕ್ಕೆ ಎಚ್ಚರಿಕೆ ಹೋಗಬೇಕೇ ಬೇಡವೇ ಅನ್ನುವುದು ನಿಂತಿರುತ್ತದೆ. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ ಇದೆ. ನಿಮ್ಮ ಜೇಬಿನಲ್ಲೇ ಅಳತೆಗೋಲು ಇದೆ ಅಂತಾಯಿತು.

ಗಾಲ್ಫ್ ಚೆಂಡು ಅಂದರೆ 44 ಮಿಲಿಮೀಟರ್. ಬೇಸ್‌ಬಾಲ್ ಅಂದರೆ ಹೆಚ್ಚುಕಡಿಮೆ ನಮ್ಮ ಕ್ರಿಕೆಟ್ ಚೆಂಡು. 2010ರ ಜುಲೈ 23ರಂದು ದಕ್ಷಿಣ ಡಕೋಟಾ ರಾಜ್ಯದ ವಿವಿಯನ್ ಎಂಬ ಪುಟ್ಟ ಊರಲ್ಲಿ 8 ಅಂಗುಲ ಅಗಲದ, 880 ಗ್ರಾಂ ತೂಕದ ಕಲ್ಲು ಬಿತ್ತು. ಅಮೆರಿಕದ ದಾಖಲೆ ಅದು. ದಾಖಲೆ ಉಳಿದದ್ದು ಹೇಗೆ ಗೊತ್ತೇ? ಅದನ್ನು ಕಂಡವರು ಎತ್ತಿಕೊಂಡು ಹೋಗಿ ಫ್ರೀಜರ್‌ನಲ್ಲಿ ಇಟ್ಟರು, ತಜ್ಞರು ಬಂದು ಅಳೆಯುವವರೆಗೂ ಕಾಪಾಡಿದರು. ಆ ಬಿರುಗಾಳಿಯಲ್ಲಿ ಕರೆಂಟು ಹೋಗಿ ಕಲ್ಲು ಸ್ವಲ್ಪ ಕರಗಿಯೂ ಇತ್ತು. ಆಮೇಲೂ ಅಷ್ಟು ಅಳತೆ ಸಿಕ್ಕಿತು.

ಈಗ ನಿಮ್ಮಲ್ಲಿ ಯಾರಿಗಾದರೂ ಒಂದು ಅನುಮಾನ ಬಂದೇ ಬರುತ್ತದೆ. ಅಷ್ಟು ಶ್ರೀಮಂತ ದೇಶ, ಊರೂರಿಗೂ ಮೋಡದೊಳಗಿನ ಮಳೆ, ಗಾಳಿ ನೋಡುವ ಡಾಪ್ಲರ್ ರೇಡಾರ್, ಮೇಲೆ ಉಪಗ್ರಹ. ಅಂಥ ಕಡೆ ಮನೆ ಬಾಗಿಲಲ್ಲಿ ನಿಂತು ನಾಣ್ಯ ಹಿಡಿಯುವವನ ಅಗತ್ಯ ಏನು?

ರೇಡಾರ್ ನೆಲವನ್ನು ನೋಡುವುದಿಲ್ಲ. ಅದರ ಕಿರಣವನ್ನು ನೆಲಕ್ಕೆ ಪೂರ್ತಿ ಸಮಾನಾಂತರವಾಗಿ ಬಿಟ್ಟರೆ ಮರ, ಕಟ್ಟಡ, ದಿಣ್ಣೆಗಳಿಗೆ ಬಡಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಅರ್ಧ ಡಿಗ್ರಿಯಷ್ಟು ಮೇಲಕ್ಕೆ ಬಿಡುತ್ತಾರೆ. ಕಿರಣ ಮುಂದೆ ಹೋದಂತೆ ಭೂಮಿಯೂ ಬಾಗಿ ಕೆಳಗೆ ಸರಿಯುತ್ತದೆ. 100 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಕಿರಣದ ನಡುಭಾಗ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಜೋಗದ ಜಲಪಾತ 253 ಮೀಟರ್. ಅಂಥ ಆರು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. 200 ಕಿಲೋಮೀಟರ್ ಆಚೆ ಅದು ನಾಲ್ಕು ಕಿಲೋಮೀಟರ್ ದಾಟುತ್ತದೆ. ಮೋಡದ ಹೊಟ್ಟೆಯೊಳಗೆ ಗಾಳಿ ಗಿರಕಿ ಹೊಡೆಯುತ್ತಿದೆ ಅಂತ ರೇಡಾರ್ ಹೇಳಬಲ್ಲದು. ಆ ಗಿರಕಿ ಕೆಳಗಿಳಿದು ಯಾವುದೋ ಮನೆಯ ಸೂರು ಕಿತ್ತಿತೇ ಅನ್ನುವುದನ್ನು ಕೆಳಗಿರುವವರೇ ಹೇಳಬೇಕು. ಹೊಸ ರೇಡಾರ್‌ಗಳಿಗೆ ಗಾಳಿಯಲ್ಲಿ ಹಾರುವ ಹಲಗೆ, ತಗಡು, ಎಲೆಗಳೂ ಕಾಣುತ್ತವೆ, ನಿಜ. ಆದರೆ ಅವು ಹಾರಬೇಕಾದರೆ ಒಂದು ಮನೆಯೋ ಮರವೋ ಆಗಲೇ ಮುರಿದಿರಬೇಕು.

ಇದಕ್ಕೆ ಇನ್ನೊಂದು ಮುಖ ಇದೆ. ಅಲ್ಲಿ ಹೊರಡುವ ಸುಂಟರಗಾಳಿ ಎಚ್ಚರಿಕೆಗಳಲ್ಲಿ ಹತ್ತರಲ್ಲಿ ಸುಮಾರು ಏಳು ಸಲ ಸುಂಟರಗಾಳಿ ಬರುವುದೇ ಇಲ್ಲ. ಗಿರಕಿ ಮೇಲೆಯೇ ಕರಗಿ ಹೋಗುತ್ತದೆ. ಹವಾಮಾನ ಕಚೇರಿಯವರ ತಪ್ಪು ಅಂತ ನಾನು ಹೇಳುವುದಿಲ್ಲ, ಜೀವದ ವಿಷಯದಲ್ಲಿ ಅವರು ಕಾಯಲಾರರು. ಆದರೆ ‘ರೇಡಾರ್‌ನಲ್ಲಿ ಕಂಡಿದೆ’ ಅಂತ ಬರುವ ಎಚ್ಚರಿಕೆಗೂ, ‘ತರಬೇತಿ ಪಡೆದ ವೀಕ್ಷಕರು ನೆಲದ ಮೇಲೆ ಕಂಡಿದ್ದಾರೆ’ ಅಂತ ಬರುವ ಎಚ್ಚರಿಕೆಗೂ ಜನ ಕೊಡುವ ಬೆಲೆ ಬೇರೆ. ಎರಡನೆಯದನ್ನು ಕೇಳಿದ ಮನುಷ್ಯ ಟಿವಿ ಬಿಟ್ಟು ಎದ್ದು ಮಕ್ಕಳನ್ನು ಎತ್ತಿಕೊಂಡು ಒಳಕೋಣೆಗೆ ಹೋಗುತ್ತಾನೆ. ಅದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಈ ವ್ಯವಸ್ಥೆ ಒಂದೇ ದಿನ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳ ಸುತ್ತ ಸಿಡಿಲು ಬರುತ್ತಿದೆಯೇ ಅಂತ ನೋಡಿ ಹೇಳುವ ಜನರನ್ನು ನಿಲ್ಲಿಸಿದ್ದರು. ಆಮೇಲೆ 1953 ಬಂತು. ಆ ವರ್ಷ ಏಪ್ರಿಲ್ 9ರಂದು ಇಲಿನಾಯ್‌ನಲ್ಲಿ ಮಳೆ ಅಳೆಯುವುದಕ್ಕೆ ಇಟ್ಟಿದ್ದ ಒಂದು ರೇಡಾರ್‌ನ ಪರದೆಯ ಮೇಲೆ ಸುಂಟರಗಾಳಿಯ ಗುರುತು ಮೊದಲ ಸಲ ದಾಖಲಾಯಿತು. ಮೋಡದ ಬಾಲದಲ್ಲಿ ಕೊಕ್ಕೆಯಂಥ ಆಕಾರ. ಒಂದು ತಿಂಗಳು ಕಳೆಯುವಷ್ಟರಲ್ಲಿ, ಮೇ 11ರಂದು, ನಮ್ಮ ಟೆಕ್ಸಾಸ್‌ನ ವೇಕೊ ನಗರದ ನಡುಪೇಟೆಗೇ ಸುಂಟರಗಾಳಿ ನುಗ್ಗಿ 114 ಜನ ಸತ್ತರು. ‘ನಮ್ಮೂರು ತಗ್ಗಿನಲ್ಲಿದೆ, ಇಲ್ಲಿಗೆ ಸುಂಟರಗಾಳಿ ಬರುವುದಿಲ್ಲ’ ಅಂತ ಆ ಊರಲ್ಲಿ ತಲೆತಲಾಂತರದ ನಂಬಿಕೆ ಇತ್ತು. ನಮ್ಮಲ್ಲೂ ಇಂಥ ಮಾತು ಕೇಳಿದ್ದೇನೆ. ಬೆಟ್ಟ ಕಾಯುತ್ತದೆ, ಕೆರೆ ಕಾಯುತ್ತದೆ ಅಂತ. ಕಾಯಲಿ ಅಂತ ನನ್ನ ಆಸೆಯೂ ಹೌದು. ಆದರೂ ಒಬ್ಬರು ಆಕಾಶ ನೋಡುತ್ತಿರಬೇಕು.

1965ರ ಏಪ್ರಿಲ್ 11, ಕ್ರೈಸ್ತರಿಗೆ ಗರಿಗಳ ಭಾನುವಾರ. ಅಯೋವಾದಿಂದ ಒಹಾಯೋವರೆಗೆ ಒಂದೇ ದಿನ ಹತ್ತಾರು ಸುಂಟರಗಾಳಿಗಳು ಎದ್ದು 250ಕ್ಕೂ ಹೆಚ್ಚು ಜನ ಹೋದರು. ಎಚ್ಚರಿಕೆಗಳು ಹೊರಟಿದ್ದವು. ಅವು ಜನರನ್ನು ಸರಿಯಾಗಿ ತಲುಪಲಿಲ್ಲ, ಊರಿನಿಂದ ಊರಿಗೆ ಸುದ್ದಿ ದಾಟಲಿಲ್ಲ. ಅದರ ನಂತರದ ವಿಚಾರಣೆಯಿಂದ ಬೆಳೆದದ್ದೇ ಸ್ಕೈವಾರ್ನ್. ಈಗ ಇಡೀ ದೇಶದಲ್ಲಿ ಮೂರೂವರೆಯಿಂದ ನಾಲ್ಕು ಲಕ್ಷ ಜನ ತರಬೇತಿ ಪಡೆದ ವೀಕ್ಷಕರಿದ್ದಾರೆ ಅಂತ ಹವಾಮಾನ ಸೇವೆ ಹೇಳುತ್ತದೆ. ಪೊಲೀಸರು, ಅಗ್ನಿಶಾಮಕದವರು, ರೈತರು, ಟ್ರಕ್ ಓಡಿಸುವವರು ಎಲ್ಲ ಇದ್ದಾರೆ. ಅವರೆಲ್ಲ ಹ್ಯಾಮ್‌ಗಳಲ್ಲ. ಆದರೆ ಮೊದಲಿನಿಂದಲೂ ಹ್ಯಾಮ್‌ಗಳು ಇದರ ನರಮಂಡಲದಂತೆ ಇದ್ದಾರೆ. ಬಿರುಗಾಳಿಯ ದಿನ ಹವಾಮಾನ ಕಚೇರಿಗಳ ಒಳಗೇ ಒಂದು ಮೇಜಿನ ಮುಂದೆ ಸ್ವಯಂಸೇವಕ ಹ್ಯಾಮ್ ಕೂತಿರುತ್ತಾರೆ. ಅವರ ಬೆನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಎಚ್ಚರಿಕೆ ಬರೆಯುವ ಹವಾಮಾನ ತಜ್ಞರು.

ನೆಟ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಹವಾಮಾನ ಕಚೇರಿಯೋ ಊರಿನ ತುರ್ತುಸೇವೆಯವರೋ ಕೇಳಿಕೊಂಡಾಗ ನೆಟ್ ಕಂಟ್ರೋಲ್ ನೆಟ್ ತೆರೆಯುತ್ತಾರೆ. ಎತ್ತರದ ಗೋಪುರದ ಮೇಲೆ ಒಂದು ರಿಪೀಟರ್ ಇರುತ್ತದೆ. ನಿಮ್ಮ ಕೈಯಲ್ಲಿರುವ ಐದು ವಾಟ್‌ನ ಸೆಟ್‌ನ ದನಿಯನ್ನು ಅದು ಹಿಡಿದು ಇಡೀ ಜಿಲ್ಲೆಗೆ ಮತ್ತೆ ಬಿಡುತ್ತದೆ. ಗುಂಡಿ ಒತ್ತಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಮಾತಾಡಬೇಕು, ಇಲ್ಲವಾದರೆ ರಿಪೀಟರ್ ಏಳುವಷ್ಟರಲ್ಲಿ ನಿಮ್ಮ ಮೊದಲ ಪದ ಕಳೆದುಹೋಗಿರುತ್ತದೆ. ಇಬ್ಬರು ಒಟ್ಟಿಗೆ ಒತ್ತಿದರೆ ಬರೀ ಕರ್ಕಶ ಸದ್ದು. ಹಾಗಾಗಿ ಅಪ್ಪಣೆ ಇಲ್ಲದೆ ಯಾರೂ ಮಾತಾಡುವುದಿಲ್ಲ. ಐವತ್ತು ಜನ ಕೇಳುತ್ತಾ ಇರುತ್ತಾರೆ, ಮಾತಾಡುವವರು ಒಬ್ಬರೇ. ‘ಇಲ್ಲಿ ಜೋರು ಮಳೆ, ಭಯಂಕರ ಗುಡುಗು’ ಅಂತ ಹೇಳುವುದಕ್ಕೆ ಅಲ್ಲಿ ಜಾಗ ಇಲ್ಲ. ಗುಡುಗು ಎಲ್ಲರಿಗೂ ಕೇಳಿಸುತ್ತಿದೆ. ಹೊತ್ತು, ಕಂಡದ್ದು, ನಿಂತ ಜಾಗ, ಯಾವ ದಿಕ್ಕಿಗೆ ನೋಡುತ್ತಿದ್ದೀರಿ, ಅಳೆದದ್ದೋ ಅಂದಾಜೋ. ಇಷ್ಟೇ.

ದಿಕ್ಕಿನ ವಿಷಯದಲ್ಲಿ ಹೊಸಬರು ಬಹಳ ಎಡವುತ್ತಾರೆ. ‘ನಾನು ಮುಖ್ಯರಸ್ತೆಯ ಸೇತುವೆ ಹತ್ತಿರ ಇದ್ದೇನೆ’ ಅಂದರೆ ಮೋಡ ಸೇತುವೆಯ ಮೇಲಿದೆ ಅಂತ ಕಚೇರಿಯವರು ತಿಳಿಯಬಹುದು. ನೀವು ನೋಡುತ್ತಿರುವುದು ವಾಯವ್ಯಕ್ಕೆ ಹತ್ತು ಕಿಲೋಮೀಟರ್ ಆಚೆ ಇರುತ್ತದೆ. ನಿಂತ ಜಾಗ ಒಂದು, ಕಂಡ ಜಾಗ ಇನ್ನೊಂದು, ಎರಡನ್ನೂ ಹೇಳಬೇಕು.

ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ. ಮೂರನೆಯ ವರ್ಷ ಇರಬೇಕು. ಒಂದು ದೊಡ್ಡ ಗುಡುಗುಮೋಡದ ತಳದಿಂದ ಕಪ್ಪಗೆ, ಮೊನಚಾಗಿ ಏನೋ ಜೋತಾಡುತ್ತಿದ್ದುದು ಕಂಡಿತು. ನನ್ನ ಕೈ ನಡುಗಿತು. ‘ಫನಲ್ ಕಾಣುತ್ತಿದೆ’ ಅಂದುಬಿಟ್ಟೆ. ಫನಲ್ ಅಂದರೆ ಮೋಡದ ತಳದಿಂದ ಸೊಂಡಿಲಿನಂತೆ ತಿರುಗುತ್ತಾ ಇಳಿಯುವ ಮೋಡ. ನೆಟ್ ಕಂಟ್ರೋಲ್ ಕೇಳಿದರು: ‘ತಿರುಗುತ್ತಿದೆಯೇ? ಎಷ್ಟು ನಿಮಿಷದಿಂದ ನೋಡುತ್ತಿದ್ದೀರಿ?’ ನಾನು ನೋಡಿದ್ದು ಹತ್ತು ಸೆಕೆಂಡು. ‘ಇನ್ನೂ ಎರಡು ನಿಮಿಷ ನೋಡಿ ಹೇಳಿ’ ಅಂದರು. ಎರಡು ನಿಮಿಷದಲ್ಲಿ ಆ ಮೊನೆ ಹರಿದು ಚಿಂದಿಯಾಗಿ ಪಕ್ಕಕ್ಕೆ ತೇಲಿಹೋಯಿತು. ಅದು ಸ್ಕಡ್, ಮಳೆಯ ತಂಪಿಗೆ ಕೆಳಗೆ ಹುಟ್ಟುವ ಚಿಂದಿ ಮೋಡ. ಎಷ್ಟೋ ಸುಳ್ಳು ವರದಿಗಳ ಮೂಲ ಅದೇ. ನಿಜವಾದ ಗೋಡೆಮೋಡ, ಅಂದರೆ ವಾಲ್ ಕ್ಲೌಡ್, ಮಳೆ ಬೀಳದ ಕಡೆಯ ತಳದಿಂದ ಇಳಿದಿರುತ್ತದೆ, ಒಂದೇ ಕಡೆ ಹತ್ತಾರು ನಿಮಿಷ ನಿಲ್ಲುತ್ತದೆ, ನಿಧಾನವಾಗಿ ಇಡಿಯಾಗಿ ತಿರುಗುತ್ತದೆ. ಫನಲ್ ನೆಲ ಮುಟ್ಟಿದರೆ ಮಾತ್ರ ಸುಂಟರಗಾಳಿ. ಅದಕ್ಕೂ ಒಂದು ಸೂಕ್ಷ್ಮ ಇದೆ. ಸೊಂಡಿಲು ಅರ್ಧಕ್ಕೇ ನಿಂತಂತೆ ಕಂಡರೂ ಅದರ ಕೆಳಗೆ ನೆಲದಲ್ಲಿ ಧೂಳು ಗಿರ್ರನೆ ಏಳುತ್ತಿದ್ದರೆ ಗಾಳಿ ಆಗಲೇ ನೆಲಕ್ಕಿಳಿದಿದೆ ಅಂತ ಅರ್ಥ. ಆದ್ದರಿಂದ ಕಣ್ಣು ಮೋಡದ ಮೇಲೆ ಇರುವಷ್ಟೇ ನೆಲದ ಮೇಲೂ ಇರಬೇಕು.

ಅವತ್ತು ನಾನು ಮತ್ತೆ ಗುಂಡಿ ಒತ್ತಿ, ‘ನನ್ನ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದು ಸ್ಕಡ್. ತಿರುಗುವಿಕೆ ಇಲ್ಲ’ ಅಂದೆ. ‘ಒಳ್ಳೆಯ ವರದಿ’ ಅಂದರು ಆ ಹಿರಿಯರು. ಸಮಾಧಾನಕ್ಕೆ ಹೇಳಿದ ಮಾತು ಅಂತ ಆಗ ಅಂದುಕೊಂಡೆ. ಮುಂದೆ ನಾನೇ ನೆಟ್ ಕಂಟ್ರೋಲ್ ಕುರ್ಚಿಯಲ್ಲಿ ಕೂತಾಗ ತಿಳಿಯಿತು. ರೇಡಾರ್‌ನಲ್ಲಿ ಗಿರಕಿ ಕಾಣುತ್ತಿರುತ್ತದೆ, ತಜ್ಞರ ಬೆರಳು ಎಚ್ಚರಿಕೆಯ ಮೇಲೆ ಇರುತ್ತದೆ. ಆಗ ಸರಿಯಾದ ಜಾಗದಲ್ಲಿ ನಿಂತ ಒಬ್ಬರು ‘ತಳ ಸ್ಪಷ್ಟವಾಗಿ ಕಾಣುತ್ತಿದೆ, ತಿರುಗುತ್ತಿಲ್ಲ, ಏನೂ ಇಳಿದಿಲ್ಲ’ ಅಂದರೆ ಅದು ಚಿನ್ನದಂಥ ಮಾಹಿತಿ. ಏನೂ ಇಲ್ಲ ಅನ್ನುವುದನ್ನು ಧೈರ್ಯವಾಗಿ ಹೇಳಲು ಬಹಳ ಜನಕ್ಕೆ ಬರುವುದಿಲ್ಲ. ಮನೆ ಬಿಟ್ಟು, ಪೆಟ್ರೋಲು ಸುಟ್ಟು, ಎರಡು ಗಂಟೆ ರಸ್ತೆ ಬದಿ ಕಾದವರಿಗೆ ಏನಾದರೂ ಹೇಳಬೇಕು ಅನ್ನಿಸುತ್ತದೆ. ಆ ಆಸೆಯನ್ನು ಗೆಲ್ಲುವುದು ಪರೀಕ್ಷೆಯ 35 ಪ್ರಶ್ನೆಗಳಿಗಿಂತ ಕಷ್ಟ.

ರಾತ್ರಿಯ ಮಾತು ಬೇರೆಯೇ. 2015ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ, ಕತ್ತಲಾದ ಮೇಲೆ ಡಲ್ಲಾಸ್ ಪಕ್ಕದ ಗಾರ್ಲೆಂಡ್ ಮತ್ತು ರೌಲೆಟ್ ಊರುಗಳಿಗೆ ಇಎಫ್-4 ದರ್ಜೆಯ, ಅಂದರೆ ಹಾನಿಯ ಅಳತೆಯಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಒಂದೇ ಮೆಟ್ಟಿಲು ಕೆಳಗಿನ ಸುಂಟರಗಾಳಿ ಬಡಿಯಿತು. ಅದಕ್ಕೆ 10 ಜನ ಸತ್ತರು. ಅವರಲ್ಲಿ ಬಹಳ ಮಂದಿ ಹೆದ್ದಾರಿಯಲ್ಲಿ ಕಾರಿನಲ್ಲಿದ್ದವರು. ಡಿಸೆಂಬರ್‌ನಲ್ಲಿ, ರಾತ್ರಿಯಲ್ಲಿ ಇಂಥದ್ದು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಕತ್ತಲಲ್ಲಿ ವೀಕ್ಷಕರಿಗೆ ಕಾಣುವುದು ಎರಡೇ. ಮಿಂಚಿನ ಬೆಳಕಲ್ಲಿ ಕ್ಷಣಮಾತ್ರ ಮೂಡುವ ಆಕಾರ ಒಂದು. ವಿದ್ಯುತ್ ತಂತಿಗಳು ಹರಿದು ನೆಲದ ಹತ್ತಿರ ಹೊಳೆಯುವ ನೀಲಿ ಹಸಿರು ಬೆಳಕು ಇನ್ನೊಂದು. ಆ ಬೆಳಕು ಒಂದಾದ ಮೇಲೊಂದು ಸಾಲಾಗಿ ಮುಂದೆ ಸರಿಯುತ್ತಿದ್ದರೆ ಹೇಳಬೇಕಾದ್ದು ಬಹಳ ಇರುವುದಿಲ್ಲ, ಎಲ್ಲಿ ಮತ್ತು ಯಾವ ಕಡೆಗೆ ಅಂತ ಅಷ್ಟೇ. ಮರುದಿನ ಬೆಳಿಗ್ಗೆ ಆ ಬೀದಿಗಳ ಚಿತ್ರ ನೋಡಿ ನಾನು ಎಷ್ಟೋ ಹೊತ್ತು ಮಾತಾಡಲಿಲ್ಲ.

ವೀಕ್ಷಕರ ಪ್ರಾಣದ ಬಗ್ಗೆಯೂ ಹೇಳಲೇಬೇಕು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ 4.2 ಕಿಲೋಮೀಟರ್ ಅಗಲದ ಸುಂಟರಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ವರ್ಷಗಟ್ಟಲೆ ಸುಂಟರಗಾಳಿಗಳ ಸಂಶೋಧನೆ ಮಾಡಿದ್ದ, ಬಹಳ ಎಚ್ಚರದ ಮನುಷ್ಯ ಎಂದೇ ಹೆಸರಾಗಿದ್ದ ಟಿಮ್ ಸಮಾರಸ್, ಅವರ ಮಗ ಮತ್ತು ಒಬ್ಬ ಸಹೋದ್ಯೋಗಿ ಅದರಲ್ಲಿ ತೀರಿಕೊಂಡರು. ಅಂಥವರಿಗೇ ಹಾಗಾಯಿತು. ನಮ್ಮ ನೆಟ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ತಪ್ಪಿಸಿಕೊಳ್ಳುವ ದಾರಿ ಯಾವುದು ಅಂತ ಹೇಳಲಾಗದವರನ್ನು ಮೊದಲು ಅಲ್ಲಿಂದ ಹೊರಡಿ ಅನ್ನುತ್ತೇವೆ. ವರದಿ ಆಮೇಲೆ.

ಮೊಬೈಲ್ ಇರುವಾಗ ರೇಡಿಯೊ ಯಾಕೆ ಅಂತ ಎಲ್ಲ ಕಡೆ ಕೇಳುತ್ತಾರೆ. ಮೊಬೈಲ್‌ನಿಂದ ಬರುವ ವರದಿಗಳು ಈಗ ರೇಡಿಯೊಗಿಂತ ಹೆಚ್ಚಿರಬಹುದು. ಫೋಟೊ ಬರುತ್ತದೆ, ವಿಡಿಯೊ ಬರುತ್ತದೆ. ಅದರಿಂದ ಉಪಕಾರವೇ ಆಗಿದೆ. ಆದರೆ ಫೋನ್ ಇಬ್ಬರ ನಡುವಿನದು. ನೆಟ್‌ನಲ್ಲಿ ಒಬ್ಬರಿಗೆ ಕೇಳಿದ ಪ್ರಶ್ನೆ ಐವತ್ತು ಜನರ ಕಿವಿಗೆ ಬೀಳುತ್ತದೆ. ಪಶ್ಚಿಮದ ಊರಿನವರು ಕೊಟ್ಟ ವರದಿ ಪೂರ್ವದ ಊರಿನವರಿಗೆ ಆಗಲೇ ಗೊತ್ತಿರುತ್ತದೆ, ಅವರು ಸರಿಯಾದ ಕಡೆ ಮುಖ ಮಾಡಿ ನಿಂತಿರುತ್ತಾರೆ. ಮತ್ತೆ, ಮೊಬೈಲ್ ಗೋಪುರಗಳು ಬಿದ್ದ ದಿನದ ಲೆಕ್ಕ ಬೇರೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪಕ್ಕೆ ಹೊಡೆದಾಗ ಅಲ್ಲಿನ ಹವಾಮಾನ ರೇಡಾರೇ ಮುರಿದುಬಿತ್ತು. ಮೊಬೈಲ್ ಇಲ್ಲ, ಕರೆಂಟಿಲ್ಲ. ಅಮೆರಿಕದ ರೆಡ್ ಕ್ರಾಸ್ 50 ಹ್ಯಾಮ್‌ಗಳನ್ನು ಕಳಿಸಿಕೊಡಿ ಅಂತ ಕೇಳಿಕೊಂಡಿತು.

ನಮ್ಮ ದೇಶದ್ದೂ ಒಂದು ಇದೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಅವರ ತಂಡ ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿ ಪೋರ್ಟ್ ಬ್ಲೇರ್‌ನಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಹವ್ಯಾಸಕ್ಕೆ ಕಟ್ಟಿದ್ದ ಅದೇ ಆಂಟೆನಾ ಆಮೇಲೆ ದಿನಗಟ್ಟಲೆ ‘ಇಂಥವರು ಬದುಕಿದ್ದಾರೆ’ ಅನ್ನುವ ಸುದ್ದಿಗಳನ್ನು ಮುಖ್ಯಭೂಮಿಗೆ ಸಾಗಿಸಿತು.

ಇನ್ನು ನಮ್ಮ ಕರ್ನಾಟಕ. ಇಲ್ಲಿ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ತಾನೇ ಅಳೆದು ತಾನೇ ಕಳಿಸುವ ಮಳೆಮಾಪಕಗಳನ್ನು ಹಾಕಿದೆ. ಅಂಥ ಜಾಲ ಇರುವುದು ನನಗೆ ಹೆಮ್ಮೆಯ ಸಂಗತಿ, ಅಲ್ಲಿ ನನ್ನ ಗೆಳೆಯರಿಗೆ ಹೇಳಿಕೊಳ್ಳುತ್ತೇನೆ. ಆದರೆ ಮಳೆಮಾಪಕಕ್ಕೆ ಆಲಿಕಲ್ಲಿನ ಗಾತ್ರ ತಿಳಿಯುವುದಿಲ್ಲ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ, ವಿಜಯಪುರದ ದ್ರಾಕ್ಷಿ ಚಪ್ಪರದಲ್ಲಿ ಹತ್ತು ನಿಮಿಷ ಬಿದ್ದ ಕಲ್ಲು ಎಷ್ಟು ದೊಡ್ಡದಿತ್ತು, ಎಷ್ಟು ಹೊತ್ತಿಗೆ ಶುರುವಾಯಿತು, ಯಾವ ಕಡೆಯಿಂದ ಬಂತು ಅನ್ನುವುದು ಅಳತೆಯಾಗಿ ಉಳಿಯುವುದು ಅಪರೂಪ. ಮರುದಿನ ಉಳಿಯುವುದು ನಷ್ಟದ ಅಂದಾಜು ಮಾತ್ರ. ಕಲ್ಲು ಕರಗಿರುತ್ತದೆ. ಗಾಳಿಗೆ ಬಿದ್ದ ಅಡಿಕೆ ಮರಗಳು ಯಾವ ದಿಕ್ಕಿಗೆ ಮಲಗಿವೆ ಅಂತ ನೋಡಿ ಬರೆದಿಟ್ಟರೂ ಸಾಕು, ಅದು ನೇರ ಗಾಳಿಯೋ ಸುತ್ತುಗಾಳಿಯೋ ಅಂತ ತಿಳಿದವರು ಹೇಳಬಲ್ಲರು. ಇದಕ್ಕೆ ಪರವಾನಗಿಯೂ ಬೇಡ, ಸೆಟ್ಟೂ ಬೇಡ.

ಪರವಾನಗಿ ಬೇಕಾದವರಿಗೆ ದೂರಸಂಪರ್ಕ ಇಲಾಖೆಯ ಪರೀಕ್ಷೆ ಇದೆ, ಎರಡು ದರ್ಜೆ. ಪಾಸಾದರೆ ವಿಯು-2 ಅಥವಾ ವಿಯು-3 ಅಂತ ಶುರುವಾಗುವ ನಿಮ್ಮದೇ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ನಿಮ್ಮನ್ನು ಗುರುತಿಸುವ ಹೆಸರು ಸಿಗುತ್ತದೆ. ಇಲ್ಲಿ ಮುಂದಿನ ಸಾಲಿನಲ್ಲಿ ಅಂಥ ಇಬ್ಬರು ಕೂತಿದ್ದಾರೆ, ತಮ್ಮ ಸೆಟ್ ತಂದಿದ್ದಾರೆ. ನನ್ನ ಪರವಾನಗಿ ಅಮೆರಿಕದ್ದು. ಮೇಜಿನ ಮೇಲಿರುವ ನನ್ನ ಈ ಸೆಟ್ ನಿಮಗೆ ತೋರಿಸುವುದಕ್ಕೆ ಮಾತ್ರ, ಇಲ್ಲಿ ಇದರ ಗುಂಡಿಯನ್ನು ನಾನು ಒತ್ತುವಂತಿಲ್ಲ.

ಬರುವಾಗ ನೋಡಿದೆ, ಕಾಲೇಜಿನ ಪಶ್ಚಿಮಕ್ಕೆ ಮೋಡ ಕಟ್ಟುತ್ತಿದೆ. ಚಹಾ ಕೊಡುವ ಮುಂಚೆ ಎಲ್ಲರೂ ಐದು ನಿಮಿಷ ಮೈದಾನಕ್ಕೆ ಬನ್ನಿ. ಸಿಡಿಲಿನ ಸದ್ದು ಕೇಳಿದರೆ ತಕ್ಷಣ ಒಳಗೆ. ಒಬ್ಬೊಬ್ಬರಿಗೂ ಒಂದು ಚೀಟಿ ಕೊಡುತ್ತೇವೆ. ಪಕ್ಕದವರನ್ನು ಕೇಳದೆ, ಕಂಡದ್ದನ್ನು ಮೂರು ಸಾಲಿನಲ್ಲಿ ಬರೆಯಿರಿ. ಏನೂ ಕಾಣದಿದ್ದರೆ ಏನೂ ಇಲ್ಲ ಅಂತಲೇ ಬರೆಯಿರಿ. ಆಮೇಲೆ ಚೀಟಿಗಳನ್ನೆಲ್ಲ ಇಲ್ಲಿ ಹರಡಿ ಒಟ್ಟಿಗೆ ಓದೋಣ. ಹಿಂದಿನ ಸಾಲಿನ ತಾಯಿಯವರೇ, ನೀವೂ ಬನ್ನಿ, ನೀವು ಕಂಡ ಆಲಿಕಲ್ಲು ಎಷ್ಟಿತ್ತು ಅಂತ ಈ ನಾಣ್ಯಗಳ ಪಕ್ಕ ಬೆರಳಿಟ್ಟು ನೋಡೋಣ.